ಹೊಸ ಹಾಸಿಗೆ ತಂದ್ರೂ ನಿದ್ದೆ ಬರ್ತಿಲ್ಲ ಅಕ್ಕಾ

ಪ್ರಶ್ನೆ: ಅಕ್ಕಾ ನಮಸ್ಕಾರ. ನನಗೆ 41 ವರ್ಷ, ಅವೆನ್ಯೂ ರೋಡ್ ಹತ್ರ ಒಂದು ಹೋಲ್‌ಸೇಲ್ ಅಂಗಡೀಲಿ ಲೆಕ್ಕ ಬರೀತೀನಿ, ಮನೆ ಲಗ್ಗೆರೆ. ಎರಡು ವರ್ಷದ ಹಿಂದೆ ಅಪ್ಪಂಗೆ ಆಪರೇಷನ್ ಆಗಿ ಸಾಲ ಆಯ್ತು, ಆಗ ಶುರುವಾಗಿದ್ದು ಈ ಕಾಟ. ಈಗ ಅಪ್ಪ ಹುಷಾರಾಗಿದಾರೆ, ಸಾಲನೂ ತೀರ್ತು, ನಿದ್ದೆ ಮಾತ್ರ ವಾಪಸ್ ಬಂದಿಲ್ಲ. 10 ಗಂಟೆಗೆ ಮಲಗಿದ್ರೆ 1 ಗಂಟೆ ತನಕ ಹೊರಳಾಟ, ಹಂಗೂ ಹಿಂಗೂ ಕಣ್ಣು ಹತ್ತಿದ್ರೆ 4:30ಕ್ಕೆ ಓನರ್ ಬೋರ್ ಮೋಟರ್ ಹಾಕ್ತಾರೆ, ಆಮೇಲೆ 6ರ ತನಕ ಸುಮ್ನೆ ಬಿದ್ಕೊಂಡಿರ್ತೀನಿ. 11,000 ಕೊಟ್ಟು ಹಾಸಿಗೆ ತಂದೆ, ನಿದ್ದೆಗೆ ಅಂತ ಮಾರೋ ಮೆಲಟೋನಿನ್ ಗಮ್ಮಿ ತರಿಸಿದೆ, ಒಂದು ಆಪ್‌ಗೆ ವರ್ಷದ ದುಡ್ಡು ಕಟ್ಟಿದೆ. ಒಂದು ಪ್ರೈವೇಟ್ ಕ್ಲಿನಿಕ್ಕಲ್ಲಿ ಸೆಷನ್‌ಗೆ 1,800 ಅಂದ್ರು, ಎರಡಕ್ಕೆ ನಿಲ್ಲಿಸ್ದೆ. ಎಂಟು ತಿಂಗಳಿಂದ ಗೊತ್ತಿರೋ ಮೆಡಿಕಲ್ ಸ್ಟೋರಲ್ಲಿ ಆಲ್ಪ್ರಜೋಲಮ್ (ಆತಂಕ ಇಳಿಸಿ ನಿದ್ದೆ ಬರಿಸೋ ಮಾತ್ರೆ) ತಗೊಂಡು ನುಂಗ್ತಿದೀನಿ, ಮೊದಲು ಅರ್ಧ, ಈಗ ಒಂದು, ಅದೂ ಈಗೀಗ ಕೇಳ್ತಿಲ್ಲ. ಸಂಬಳ 24,000. ಎಲ್ಲಾರೂ ‘ಚಿಂತೆ ಇಲ್ಲದೋನಿಗೆ ಸಂತೇಲೂ ನಿದ್ದೆ’ ಅಂತಾರೆ, ಕೇಳಿ ಕೇಳಿ ಸಾಕಾಗಿದೆ. ನನ್ನ ಜೇಬಿಗೆ ಆಗೋ ದಾರಿ ಏನಾದ್ರೂ ಇದ್ರೆ ಹೇಳಿ. (ಹೆಸರು ಬೇಡ)

ಉತ್ತರ: ಆ ಸಂತೆ ಗಾದೆ ಹೇಳೋರನ್ನ ಒಂದ್ಸಲ ರಾತ್ರಿ 3 ಗಂಟೆಗೆ ಎಬ್ಬಿಸಿ ಕೂರಿಸ್ಬೇಕು ಅನ್ಸತ್ತೆ ನಂಗೂ. ನಾನು ಡಾಕ್ಟರಲ್ಲ, ಎರಡು ವರ್ಷ ಇದೇ ಗೋಳು ಅನುಭವಿಸಿ, ಡಾಕ್ಟರ ಹತ್ರ ಬೈಸ್ಕೊಂಡು ಸರಿ ಹೋದವಳು, ಅಷ್ಟೇ. ಆದ್ರೆ ನಿಮ್ಮ ಕಾಗದ ಓದಿ ಒಂದು ಸಮಾಧಾನ ಆಯ್ತು, ಯಾಕಂದ್ರೆ ಈ ಕಾಯಿಲೆಗೆ ಇರೋ ಒಳ್ಳೇ ಚಿಕಿತ್ಸೆಗೆ ಖರ್ಚೂ ಕಮ್ಮಿ. ಕಹಿ ಮಾತ್ರ ಜಾಸ್ತಿ.

ಮೊದಲು ಮಾತ್ರೆ ವಿಷಯ. ಇವತ್ತಿಂದ ಮುಟ್ಟಲ್ಲ ಅಂತ ಶಪಥ ಮಾಡಿ ಬಿಸಾಕ್ಬೇಡಿ ದಯವಿಟ್ಟು. ಎಂಟು ತಿಂಗಳು ದಿನಾ ತಗೊಂಡ ಆಲ್ಪ್ರಜೋಲಮ್‌ನ ಒಂದೇ ಸಲ ನಿಲ್ಲಿಸಿದ್ರೆ ಇರೋ ಚೂರು ನಿದ್ದೆನೂ ಹೋಗಿ, ಎದೆ ಡವಡವ, ಕೈ ನಡುಕ, ಕೆಲವರಿಗೆ ಫಿಟ್ಸ್ ಕೂಡ ಬರತ್ತೆ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ ವಾರಗಟ್ಟಲೆ ನಿಧಾನಕ್ಕೆ ಇಳಿಸ್ಬೇಕು. ಇನ್ನು ಚೀಟಿ ಇಲ್ದೆ ಕೊಡ್ತಿರೋ ನಿಮ್ಮ ಮೆಡಿಕಲ್ ಸ್ಟೋರಿನವರು ಉಪಕಾರ ಮಾಡ್ತಿಲ್ಲ. ಇದು 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಲಿರೋ, ಅಂದ್ರೆ ಡಾಕ್ಟರ್ ಚೀಟಿ ಇಲ್ದೆ ಮಾರಂಗಿಲ್ಲದ ಔಷಧಿ, ಕೊಡೋವಾಗ ಚೀಟಿ ಬರೆದ ಡಾಕ್ಟರ್ ಹೆಸರು, ನಿಮ್ಮ ಹೆಸರು ಎಲ್ಲಾ ಬೇರೆ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಟ್ಕೋಬೇಕು. ಕುಡಿದ ದಿನ ಇದನ್ನ ನುಂಗೋದಂತೂ ಬೇಡವೇ ಬೇಡ, ಉಸಿರಿಗೇ ಕುತ್ತು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನೀವೇ ಬರೆದಿದೀರ, ಸಾಲ ತೀರಿದ್ರೂ ನಿದ್ದೆ ಬಂದಿಲ್ಲ ಅಂತ. ನಿದ್ದೆ ಕೆಡ್ಸಿದ್ದು ಒಂದು, ಈಗ ಕೆಟ್ಟೇ ಇರೋ ಹಾಗೆ ನೋಡ್ಕೊಳ್ತಿರೋದು ಇನ್ನೊಂದು. ಈಗಿನ ಕಾರಣ ಏನಪ್ಪಾ ಅಂದ್ರೆ ನೀವು ಹಾಸಿಗೆ ಮೇಲೆ ಕಳೀತಿರೋ ಟೈಮು. 10ರಿಂದ 6, ಎಂಟು ಗಂಟೆ ಬಿದ್ಕೊಂಡಿರ್ತೀರ, ನಿದ್ದೆ ಮಾಡೋದು ಹೆಚ್ಚೆಂದ್ರೆ ಮೂರೂವರೆ, ಮಿಕ್ಕಿದ್ದೆಲ್ಲ ಹೊರಳಾಟ, ಗಡಿಯಾರ ನೋಡೋದು, ನಾಳೆ ಲೆಕ್ಕ ತಪ್ಪತ್ತೆ ಅಂತ ಹೆದರೋದು, ಹಿಂಗೇ ಎರಡು ವರ್ಷ ಆದ್ಮೇಲೆ ದಿಂಬು ಕಂಡ ಕೂಡ್ಲೆ ಮೈ ಎಚ್ಚರ ಆಗೋದು ಕಲ್ತ್ಬಿಡತ್ತೆ. ಅದಕ್ಕೇ 11,000ದ ಹಾಸಿಗೆಯಿಂದ ಏನೂ ಆಗ್ಲಿಲ್ಲ.

ಇದಕ್ಕೆ ಸಿಬಿಟಿ-ಐ ಅಂತ, ಮಾತ್ರೆ ಇಲ್ದೆ ನಿದ್ದೆಯ ಅಭ್ಯಾಸ, ಯೋಚನೆ ತಿದ್ದೋ ಚಿಕಿತ್ಸೆ ಇದೆ. ದೊಡ್ಡವರ ಹಳೇ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಅಂತ ಅಮೆರಿಕದ ಫಿಜಿಶಿಯನ್‌ಗಳ ಸಂಘ 2016ರಲ್ಲೇ ಹೇಳಿದೆ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಸಿಟ್ಟಿಂಗ್, ಅದರ ತಿರುಳು ಎರಡೇ ಎರಡು ಕೆಲಸ.

ಒಂದು, ಹಾಸಿಗೆ ಟೈಮ್ ಕತ್ತರಿಸೋದು. ಎರಡು ವಾರ ಹಳೇ ಡೈರೀಲಿ ಎಷ್ಟೊತ್ತಿಗೆ ಮಲಗಿದ್ರಿ, ಅಂದಾಜು ಎಷ್ಟು ನಿದ್ದೆ ಆಯ್ತು, ಎಷ್ಟೊತ್ತಿಗೆ ಎದ್ರಿ ಅಂತ ಬರೀರಿ, ಲೆಕ್ಕ ಬರೆಯೋರಿಗೆ ಇದೇನು ಕಷ್ಟ ಅಲ್ಲ, ಆದ್ರೆ ರಾತ್ರಿ ಗಡಿಯಾರ ನೋಡಿ ಬರೀಬೇಡಿ, ಬೆಳಿಗ್ಗೆ ಎದ್ಮೇಲೆ. ಸರಾಸರಿ ಮೂರೂವರೆ ಬಂತು ಅಂದ್ಕೊಳ್ಳಿ, ನಿಮಗೆ ಹಾಸಿಗೆ ಕೊಡೋದು ಐದೂವರೆ ಗಂಟೆ, ಅಂದ್ರೆ ರಾತ್ರಿ 12:30ರಿಂದ 6. ಯಾಕಂದ್ರೆ ಎಷ್ಟೇ ಕಮ್ಮಿ ನಿದ್ದೆ ಆದ್ರೂ ಐದೂವರೆಗಿಂತ ಕೆಳಗೆ ಇಳಿಸೋ ಹಾಗಿಲ್ಲ. 12:30ರ ತನಕ ತೂಕಡಿಕೆ ಬಂದ್ರೂ ಮಲಗಂಗಿಲ್ಲ, 6ಕ್ಕೆ ಆಕಾಶ ಬಿದ್ರೂ ಏಳ್ಬೇಕು, ಭಾನುವಾರನೂ. ವಾರದ ಕೊನೆಗೆ ನಿದ್ದೆ ಮಾಡಿದ ಗಂಟೆನ ಹಾಸಿಗೇಲಿದ್ದ ಗಂಟೆಯಿಂದ ಭಾಗಿಸಿ, ನೂರಕ್ಕೆ 85 ದಾಟಿದ್ರೆ 15 ನಿಮಿಷ ಬೇಗ ಮಲಗಿ, 12:15. ಮತ್ತೆ ಒಂದು ವಾರ. ಹೀಗೇ ಏರಿಸ್ತಾ ಹೋಗೋದು. ಸಂಜೆ ಆರಕ್ಕೆ ಎರಡು ಬೋಂಡಾ ತಿಂದ್ರೆ ರಾತ್ರಿ ಮುದ್ದೆ ಇಳಿಯುತ್ತಾ? ನಿದ್ದೆಗೂ ಹಂಗೇ ಹಸಿವಾಗ್ಬೇಕು.

ಮೊದಲೆರಡು ವಾರ ನರಕ, ಸುಳ್ಳು ಹೇಳಲ್ಲ. ಮಧ್ಯಾಹ್ನ ಕಣ್ಣು ಎಳೆಯತ್ತೆ, ಅದಕ್ಕೇ ಆ ದಿನಗಳಲ್ಲಿ ಗಾಡಿ ಓಡಿಸ್ಲೇಬೇಡಿ, ಬಿಎಂಟಿಸೀಲಿ ಹೋಗಿ, ಕಿಟಕಿ ಸೀಟ್ ಸಿಕ್ಕಿ ತೂಕಡಿಕೆ ಶುರುವಾದ್ರೆ ಎದ್ದು ಯಾರಾದ್ರೂ ವಯಸ್ಸಾದೋರಿಗೆ ಬಿಟ್ಕೊಡಿ. ಫಿಟ್ಸ್ ಇರೋರು, ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯೋ ಕಾಯಿಲೆ) ಇರೋರು, ಡ್ರೈವರ್ ಕೆಲಸದೋರು ಇದನ್ನ ಸ್ವಂತಕ್ಕೆ ಮಾಡೋ ಹಾಗೇ ಇಲ್ಲ. ನೀವೂ ಮಾತ್ರೆ ಬಗ್ಗೆ ಡಾಕ್ಟರ್ ಹತ್ರ ಮಾತಾಡಿದ ಮೇಲೇ ಶುರು ಮಾಡಿ, ಅಲ್ಲೀವರೆಗೂ ಡೈರಿ ಬರೀತಿರಿ.

ಎರಡನೇದು, ನಿದ್ದೆ ಬರ್ಲಿಲ್ಲ ಅಂದ್ರೆ ಅಂದಾಜು ಇಪ್ಪತ್ತು ನಿಮಿಷಕ್ಕೆ ಎದ್ಬಿಡೋದು. ಬೇರೆ ರೂಮಿಗೆ ಹೋಗಿ ಅಂತ ಎಲ್ಲಾ ಕಡೆ ಬರೆದಿರ್ತಾರೆ, ಒಂದೇ ರೂಮಿನ ಮನೇಲಿ ಬೇರೆ ರೂಮ್ ಎಲ್ಲಿಂದ ತರೋದು? ನಾವೂ ಆಗ ವಠಾರದಲ್ಲೇ ಇದ್ದಿದ್ದು. ಅಡುಗೆ ಕಟ್ಟೆ ಪಕ್ಕ ಒಂದು ಮಣೆ ಹಾಕ್ಕೊಂಡು, ಬಾಗಿಲ ಸಂದೀಲಿ ಬರೋ ಬೀದಿ ದೀಪದ ಬೆಳಕಲ್ಲಿ ಅವರೆಕಾಯಿ ಬಿಡಿಸ್ತಾ ಕೂರ್ತಿದ್ದೆ, ಡಿಸೆಂಬರ್ ತಿಂಗಳು. ಕೈಯೆಲ್ಲ ಸೊಗಡು, ಆ ವಾಸನೆಗೆ ನಮ್ಮನೆಯವರು ಎದ್ದು, ಇವಳಿಗೆ ಏನಾಯ್ತು ಅಂತ ಗಾಬರಿ ಆಗಿ ನೋಡೋರು. ಎರಡನೇ ಪಾತ್ರೆ ತುಂಬೋ ಹೊತ್ತಿಗೆ ತಲೆ ತಾನಾಗೇ ವಾಲೋದು, ಆಗ ಹೋಗಿ ಮಲಗ್ತಿದ್ದೆ. ಮತ್ತೆ ಬರ್ಲಿಲ್ವಾ, ಮತ್ತೆ ಮಣೆ. ನೀವು ಏನು ಬೇಕಾದ್ರೂ ಮಾಡಿ, ಮೊಬೈಲೊಂದು ಬಿಟ್ಟು.

ಬೋರ್ ಮೋಟರ್‌ಗೆ ಮೆಡಿಕಲ್ ಸ್ಟೋರಲ್ಲಿ ಸಿಗೋ ಮೆತ್ತನೆ ಇಯರ್ ಪ್ಲಗ್ ಸಾಕು. ಓನರ್‌ಗೆ 6ರ ಮೇಲೆ ಹಾಕಿ ಅಂತ ಕೇಳ್ನೋಡಿ, ಕೇಳೋದ್ರಲ್ಲಿ ತಪ್ಪೇನಿದೆ. ಕಾಫಿ ಮಧ್ಯಾಹ್ನದ ಮೇಲೆ ಬಂದ್. ಸಂಜೆ 6ರ ಬೈ-ಟುನಲ್ಲಿರೋ ಕೆಫೀನು ರಾತ್ರಿ 11ಕ್ಕೂ ಹೆಚ್ಚುಕಮ್ಮಿ ಅರ್ಧ ಮೈಯಲ್ಲೇ ಇರತ್ತೆ. ಗಮ್ಮಿ ಮುಗಿದ ಮೇಲೆ ಮತ್ತೆ ತರಿಸ್ಬೇಡಿ, ಮೆಲಟೋನಿನ್ ಟೈಮ್ ಏರುಪೇರಾದೋರಿಗೆ ಒಂಚೂರು ಆಗತ್ತೆ, ನಿಮ್ಮಂಥ ನಿದ್ದೆಗೇಡಿಗೆ ಅದರ ಉಪಯೋಗ ತೀರಾ ಕಮ್ಮಿ. ಗಸಗಸೆ ಪಾಯಸ ಮನೇಲಿ ಮಾಡಿದ್ರೆ ತಿನ್ನಿ, ರುಚಿಗೆ. ಹಾಲಿಗೆ ಜಾಜಿಕಾಯಿ ಚಮಚಗಟ್ಟಲೆ ತೇದು ಕುಡಿಯೋದು ಮಾತ್ರ ಬೇಡ, ಜಾಸ್ತಿಯಾದ್ರೆ ವಿಷ.

ಎಲ್ಲಿಗೆ ಹೋಗೋದು? ಮೊದಲು ಮನೇಲೇ ಕೂತು 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದಿನದ 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಆಮೇಲೆ ಹೊಸೂರು ರಸ್ತೆ ನಿಮ್ಹಾನ್ಸ್ ಓಪಿಡಿ. ನಿಮ್ಹಾನ್ಸ್ ಅಂದ್ರೆ ನಮ್ಮೂರಲ್ಲಿ ಇನ್ನೂ ಬೈಗುಳ, ನಂಗೂ ಮೊದಲ ದಿನ ಗೇಟ್ ಹತ್ರ ಯಾರಾದ್ರೂ ಗೊತ್ತಿರೋರು ನೋಡಿಬಿಟ್ರೆ ಅಂತ ಸೆರಗು ತಲೆ ಮೇಲೆ ಹೊದ್ಕೊಳ್ಳೋ ಹಂಗಾಗಿತ್ತು, ಒಳಗೆ ಹೋಗಿ ನೋಡಿದ್ರೆ ಕ್ಯೂನಲ್ಲಿ ನನ್ನ ಹಿಂದೆ ನಮ್ಮ ಬೀದಿ ಪ್ರಾವಿಷನ್ ಸ್ಟೋರಿನೋರೇ ನಿಂತಿದ್ರು. ಬಿಪಿಎಲ್ ಕಾರ್ಡ್ ಇದ್ರೆ ತಗೊಂಡೋಗಿ, ರಿಯಾಯ್ತಿ ಇದೆ. ಒಂದು ದಿನ ಪೂರ್ತಿ ಹೋಗತ್ತೆ, ರಜೆ ಹಾಕ್ಕೊಂಡೇ ಹೋಗಿ, ಬುತ್ತಿ ಕಟ್ಕೊಳ್ಳಿ. ಅಷ್ಟು ದೂರ ಆಗಲ್ಲ ಅಂದ್ರೆ ನಿಮ್ಮ ಅಂಗಡಿ ಹತ್ರಾನೇ ವಿಕ್ಟೋರಿಯಾ ಆಸ್ಪತ್ರೆ ಇದೆ, ಅಲ್ಲೂ ಮಾನಸಿಕ ವಿಭಾಗ ಇದೆ. ಡಾಕ್ಟರು ಮಾತ್ರೆ ಬರೆದ್ರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಬ್ರ್ಯಾಂಡ್ ಮಾತ್ರೆಯ ಅರ್ಧ ರೇಟಿಗಿಂತ ಕಮ್ಮೀಲಿ ಸಿಗೋದೇ ಹೆಚ್ಚು. ಮತ್ತೆ ಒಂದು ಮಾತು, ನಿದ್ದೆ ಇಲ್ದೇ ಬದುಕೇ ಬೇಡ ಅನ್ನೋ ಯೋಚನೆ ಯಾವತ್ತಾದ್ರೂ ಬಂದ್ರೆ ಓಪಿಡಿ ಟೈಮ್ ಕಾಯ್ಬೇಡಿ, ನಿಮ್ಹಾನ್ಸ್ ಎಮರ್ಜೆನ್ಸಿ ರಾತ್ರಿನೂ ತೆಗೆದಿರತ್ತೆ.

ಪ್ರಶ್ನೆ: ಮಗಳಿಗೆ ಮಾನ್ಯತಾ ಟೆಕ್ ಪಾರ್ಕಲ್ಲಿ ನೈಟ್ ಶಿಫ್ಟ್, ಬೆಳಿಗ್ಗೆ 7ಕ್ಕೆ ಬರ್ತಾಳೆ, ನಿದ್ದೆ ಬರಲ್ಲ ಅಂತಾಳೆ. ಅವಳಿಗೂ ಇದೇನಾ? (ಹೆಬ್ಬಾಳ)

ಉತ್ತರ: ಅಲ್ಲಮ್ಮ, ಅವಳದ್ದು ಗಡಿಯಾರದ ಜಗಳ. ಕ್ಯಾಬಲ್ಲಿ ಬರೋವಾಗ ಕಪ್ಪು ಕನ್ನಡಕ ಹಾಕ್ಕೊಳ್ಳಲಿ, ಬಿಸಿಲು ಕಣ್ಣಿಗೆ ಬಿದ್ರೆ ಮೈ ಬೆಳಗಾಯ್ತು ಅಂದ್ಕೊಳತ್ತೆ. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ. ಶಿಫ್ಟಿನ ಕೊನೇ ಅರ್ಧದಲ್ಲಿ ಕಾಫಿ ಬೇಡ. ನೀವೂ ಹನ್ನೊಂದು ಗಂಟೆಗೆ ಮಿಕ್ಸಿ ಹಾಕಿ ‘ಊಟ ಮಾಡಿ ಮಲಗು’ ಅಂತ ಎಬ್ಬಿಸ್ಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಚೆನ್ನಾಗೇ ಗೊರಕೆ ಹೊಡೆದು ಮಲಗ್ತಾರೆ, ಆದ್ರೂ ಹಗಲೆಲ್ಲ ನಿದ್ದೆ ಇಲ್ಲ ಅಂತ ಗೊಣಗ್ತಾರೆ, ನಾಟಕಾನಾ? (ಯಶವಂತಪುರ)

ಉತ್ತರ: ನಾಟಕ ಅಲ್ಲದೇ ಇರಬಹುದು. ಒಂದು ರಾತ್ರಿ ನೀವೇ ಎಚ್ಚರ ಇದ್ದು ಕೇಳಿಸ್ಕೊಳ್ಳಿ, ಗೊರಕೆ ನಡುವೆ ಸದ್ದು ಪೂರ್ತಿ ನಿಂತು, ಆಮೇಲೆ ಒಮ್ಮೆಲೇ ಏದುಸಿರು ಬಿಟ್ಟು ಮತ್ತೆ ಶುರುವಾಗತ್ತಾ? ಹಂಗಾಗ್ತಿದ್ರೆ ಅದು ಸ್ಲೀಪ್ ಏಪ್ನಿಯಾ ಇರಬಹುದು, ಮಲಗಿದಾಗ ಗಂಟಲ ದಾರಿ ಮುಚ್ಕೊಂಡು ಉಸಿರು ನಿಲ್ಲೋದು. ಇಂಥೋರಿಗೆ ನಿದ್ದೆ ಮಾತ್ರೆ ಕೊಟ್ರೆ ಇನ್ನೂ ಕೆಡತ್ತೆ. ಮೊಬೈಲಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡ್ಕೊಂಡು ಹೋಗಿ ಡಾಕ್ಟರಿಗೆ ಕೇಳಿಸಿ, ಬಾಯಲ್ಲಿ ಹೇಳಿದ್ರೆ ಯಜಮಾನರು ಒಪ್ಪಲ್ಲ, ನಾನೆಲ್ಲಿ ಗೊರಕೆ ಹೊಡೀತೀನಿ ಅಂತ ನಿಮ್ಮ ಮೇಲೇ ಬರ್ತಾರೆ.