ಬ್ರಾಸ್ ಬ್ಯಾಂಡ್‌ನಲ್ಲಿ ಬೆಳೆದವರು ಆರ್ಕೆಸ್ಟ್ರಾ ಕಂಡಕ್ಟರ್ ಆಗಬಹುದೇ?

ಹಿತ್ತಾಳೆಯ ಊದುವ ವಾದ್ಯಗಳ ಬ್ರಾಸ್ ಬ್ಯಾಂಡ್‌ನಲ್ಲಿ ಯುಫೋನಿಯಂ ನುಡಿಸುತ್ತೀರಿ, ಈಗ ಬ್ಯಾಂಡನ್ನೂ ನಡೆಸುತ್ತಿದ್ದೀರಿ. ಆರ್ಕೆಸ್ಟ್ರಾದ ಮುಂದೆ ನಿಲ್ಲಬೇಕಾದರೆ ವಯೊಲಿನ್ ಅಥವಾ ಪಿಯಾನೊ ಹಿನ್ನೆಲೆಯೇ ಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ನಾನೂ ಬ್ಯಾಂಡ್‌ನಲ್ಲಿ ಟ್ರಂಪೆಟ್‌ನಂಥ ಕಾರ್ನೆಟ್ ನುಡಿಸುವವರ ಸಾಲಿನಿಂದ ಎದ್ದು ಬಂದವನು, ಈಗ ಎರಡೂ ಕಡೆ ಬ್ಯಾಟನ್ ಹಿಡಿಯುತ್ತೇನೆ.

ಇಂಗ್ಲೆಂಡಿನ ಕಂಡಕ್ಟರ್ ಎಲ್ಗರ್ ಹೊವಾರ್ತ್ ಅವರನ್ನೇ ನೋಡಿ. ತಂದೆ ಬ್ಯಾಂಡ್ ಕಂಡಕ್ಟರ್. ಮಗ ಲಂಡನ್ನಿನ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದಲ್ಲಿ ಟ್ರಂಪೆಟ್ ನುಡಿಸಿ, 1978ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಂಯೋಜಕ ಲಿಗೆಟಿಯ ಒಪೆರಾದ ಮೊಟ್ಟಮೊದಲ ಪ್ರದರ್ಶನವನ್ನು ನಡೆಸಿದರು. ಹಾಗಂತ ಬ್ಯಾಂಡನ್ನು ಬಿಡಲಿಲ್ಲ. ಗ್ರೈಮ್‌ಥಾರ್ಪ್ ಕಲ್ಲಿದ್ದಲು ಗಣಿಯ ಬ್ಯಾಂಡಿಗಾಗಿ 1973ರಲ್ಲಿ ಸಂಯೋಜಕ ಬರ್ಟ್‌ವಿಸಲ್ ಅವರಿಂದ ಹೊಸ ಕೃತಿಯನ್ನೇ ಬರೆಸಿದರು. ನನಗೆ ಅವರು ದೊಡ್ಡವರಾಗಿ ಕಾಣುವುದು ಇದಕ್ಕಾಗಿಯೇ.

ಕಷ್ಟ ಶುರುವಾಗುವುದು ಸ್ಕೋರ್‌ನಲ್ಲಿ, ಅಂದರೆ ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗಿರುವ ಪುಸ್ತಕದಲ್ಲಿ. ಬ್ಯಾಂಡ್‌ನಲ್ಲಿ ಬಾಸ್ ಟ್ರೊಂಬೋನ್ ಬಿಟ್ಟರೆ ಟ್ಯೂಬಾವರೆಗೂ ಎಲ್ಲರಿಗೂ ಟ್ರೆಬಲ್ ಕ್ಲೆಫ್ (ಯಾವ ಗೆರೆ ಯಾವ ಸ್ವರ ಎಂದು ತೋರಿಸುವ ಗುರುತು). ಆರ್ಕೆಸ್ಟ್ರಾದಲ್ಲಿ ವಯೊಲಿನ್‌ಗಿಂತ ತುಸು ದೊಡ್ಡದಾದ ವಿಯೋಲಾಗೆ ಆಲ್ಟೊ ಕ್ಲೆಫ್, ಹಾರ್ನ್ ಎಫ್‌ನಲ್ಲಿ, ಕ್ಲಾರಿನೆಟ್ ಒಮ್ಮೆ ಬಿ ಫ್ಲ್ಯಾಟ್, ಒಮ್ಮೆ ಎ; ಅಂದರೆ ಬರೆದ ಸ್ವರವೇ ಒಂದು, ಕೇಳುವ ಸ್ವರವೇ ಇನ್ನೊಂದು. ನಾಲ್ಕು ತಂತಿವಾದ್ಯಗಳ ಸ್ಟ್ರಿಂಗ್ ಕ್ವಾರ್ಟೆಟ್‌ಗಳ ಸ್ಕೋರ್ ಇಟ್ಟುಕೊಂಡು ಒಂದು ವರ್ಷ ದಿನಾ ಬೆಳಿಗ್ಗೆ ಓದಿದೆ. ಅದಕ್ಕಿಂತ ಹತ್ತಿರದ ದಾರಿ ನನಗಂತೂ ಸಿಗಲಿಲ್ಲ.

ಎರಡನೆಯದು ವಯೊಲಿನ್ ನುಡಿಸುವ ಬಿಲ್ಲು. ನನ್ನ ಮೊದಲ ರಿಹರ್ಸಲ್‌ನಲ್ಲಿ ವಯೊಲಿನ್ ವಾದಕಿಯೊಬ್ಬರು "ಇಲ್ಲಿ ಅಪ್ ಬೋ ಆ, ಡೌನ್ ಬೋ ಆ?" ಎಂದರು; ಬಿಲ್ಲನ್ನು ಮೇಲಕ್ಕೆ ತಳ್ಳಬೇಕೋ ಕೆಳಕ್ಕೆ ಎಳೆಯಬೇಕೋ ಎಂದು. ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿ, ವಯೊಲಿನ್ ವಾದಕರ ಮುಖ್ಯಸ್ಥರಾದ ಕನ್ಸರ್ಟ್ ಮಾಸ್ಟರ್‌ಗೆ ನಿರ್ಧಾರ ಬಿಟ್ಟೆ; ಅವರೂ ಪ್ರೀತಿಯಿಂದಲೇ ನಡೆಸಿಕೊಟ್ಟರು. ಆಮೇಲೆ ಎರಡು ವರ್ಷ ವಯೊಲಿನ್ ಪಾಠಕ್ಕೆ ಹೋದೆ. ಕಛೇರಿ ಕೊಡುವುದಕ್ಕಲ್ಲ, ಬಿಲ್ಲಿನ ತುದಿಯಲ್ಲಿ ಹುಟ್ಟುವ ಸ್ವರಕ್ಕೂ ಬುಡದಲ್ಲಿ ಹುಟ್ಟುವ ಸ್ವರಕ್ಕೂ ಏನು ವ್ಯತ್ಯಾಸ ಅಂತ ಕೈಗೇ ತಿಳಿಯಲಿ ಎಂದು.

ನೀವು ಬ್ಯಾಂಡಿನಿಂದ ಒಯ್ಯುವ ಆಸ್ತಿಯೂ ಸಣ್ಣದಲ್ಲ. ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವಂತೆ ಸನ್ನೆ ಮಾಡುವುದು ನಿಮಗೆ ರಕ್ತಗತ. ತುಟಿ ಎಷ್ಟು ಹೊತ್ತಿಗೆ ದಣಿಯುತ್ತದೆಂದು ಗೊತ್ತು, ಹಾಗಾಗಿ ಜೋರಾದ ಭಾಗವನ್ನು ಹತ್ತು ಸಲ ನುಡಿಸಿ ಟ್ರಂಪೆಟ್‌ನವರನ್ನು ಸುಸ್ತು ಮಾಡುವುದಿಲ್ಲ.

ಒಂದು ಅಭ್ಯಾಸ ಮಾತ್ರ ಬಿಡಬೇಕು. ಸ್ಪರ್ಧೆಯ ಕೃತಿಯನ್ನು ಬ್ಯಾಂಡ್ ವಾರಗಟ್ಟಲೆ ತಿದ್ದುತ್ತದೆ. ವೃತ್ತಿಪರ ಆರ್ಕೆಸ್ಟ್ರಾದಲ್ಲಿ ಎರಡು ಮೂರು ರಿಹರ್ಸಲ್ ಸಿಕ್ಕರೆ ಹೆಚ್ಚು. ಕಿವಿಗೆ ಬಿದ್ದ ತಪ್ಪಿಗೆಲ್ಲ ನುಡಿಸುವುದನ್ನು ನಿಲ್ಲಿಸಲು ಹೋದರೆ ಕೊನೆಯ ಪುಟ ಮುಟ್ಟುವುದೇ ಇಲ್ಲ. ಅನೇಕ ತಪ್ಪುಗಳನ್ನು ಎರಡನೇ ಸಲ ಅವರೇ ಸರಿಮಾಡಿಕೊಳ್ಳುತ್ತಾರೆ. ಇದನ್ನು ನಂಬಲು ನನಗೆ ಬಹಳ ಕಾಲ ಹಿಡಿಯಿತು.

ಹವ್ಯಾಸಿ ಆರ್ಕೆಸ್ಟ್ರಾವೊಂದಕ್ಕೆ ಪತ್ರ ಬರೆದು, ಬ್ರಾಸ್ ವಿಭಾಗಕ್ಕೆ ಪ್ರತ್ಯೇಕ ತಾಲೀಮು ಮಾಡಿಸಿಕೊಡುತ್ತೇನೆ ಎನ್ನಿ. ಆ ಕೆಲಸಕ್ಕೆ ಜನ ಸದಾ ಬೇಕು. ಅದು ಮುಗಿದ ಮೇಲೆ ಮನೆಗೆ ಹೊರಡದೆ, ಪೂರ್ಣ ರಿಹರ್ಸಲ್‌ಗೆ ವಿಯೋಲಾಗಳ ಹಿಂದೆ ಸ್ಕೋರ್ ಹಿಡಿದು ಕೂತುಕೊಳ್ಳಿ.