ಸಕ್ಕರೆ ಮುಟ್ಟಿಲ್ಲ ಅಂದವರ ಕೈಚೀಲದಲ್ಲಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಹಾರದ ಸಲಹೆಗೆಂದು ನನ್ನ ಬಳಿ ಬಂದಿದ್ದರು ಅರವತ್ತರ ಆಸುಪಾಸಿನ ತಾಯಿ, ಜೊತೆಗೆ ಮಗಳು. ತಾಯಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.2ರಿಂದ 8.6ಕ್ಕೆ ಏರಿತ್ತು. "ಕದ್ದು ಸಿಹಿ ತಿಂತಾರೆ ಮೇಡಂ, ಕೇಳಿದ್ರೆ ಅಳ್ತಾರೆ" ಎಂದಳು ಮಗಳು. ತಾಯಿ ತಲೆ ಎತ್ತಲಿಲ್ಲ. "ವರ್ಷವಾಯ್ತು, ಸಕ್ಕರೆ ಡಬ್ಬ ಮುಟ್ಟಿಲ್ಲ" ಎಂದರು.

ಮಗಳನ್ನು ಹೊರಗೆ ಕೂರಿಸಿದೆ. ಬಾಯಿ ಒಣಗಿದಾಗ ಏನು ಮಾಡ್ತೀರಮ್ಮಾ ಎಂದು ಕೇಳಿದ್ದಕ್ಕೆ ಕೈಚೀಲದಿಂದ ಪುಟ್ಟ ಸ್ಟೀಲ್ ಡಬ್ಬಿ ತೆಗೆದರು. ಕಲ್ಲುಸಕ್ಕರೆ. "ಇದು ತಂಪು. ಬಿಳಿ ಸಕ್ಕರೆ ಥರ ಕೆಮಿಕಲ್ ಇಲ್ವಲ್ಲ."

ಅವರು ಸುಳ್ಳು ಹೇಳಿರಲಿಲ್ಲ.

ಎರಡು ಹರಳನ್ನು ಕಾಗದದಲ್ಲಿ ಮಡಚಿ ಪೇಪರ್‌ವೇಟ್‌ನಿಂದ ಕುಟ್ಟಿದೆ. ಪಕ್ಕದಲ್ಲಿ ಒಂದು ಚಿಟಿಕೆ ಮಾಮೂಲಿ ಸಕ್ಕರೆ ಇಟ್ಟೆ. ಎರಡನ್ನೂ ನಾಲಿಗೆಗೆ ಮುಟ್ಟಿಸಿಕೊಂಡು ಸುಮ್ಮನಾದರು. ಗಟ್ಟಿ ಸಕ್ಕರೆ ಪಾಕವನ್ನು ನಿಧಾನವಾಗಿ ಹರಳುಗಟ್ಟಲು ಬಿಟ್ಟರೆ ಸಿಗುವುದೇ ಇದು ಎಂದು ತಿಳಿಸಿದೆ. ಎರಡೂ ಸುಕ್ರೋಸ್ ಎಂಬ ಒಂದೇ ಸಕ್ಕರೆ, ಎರಡರಲ್ಲೂ ಗ್ರಾಂಗೆ ಸುಮಾರು 4 ಕ್ಯಾಲೊರಿ. ಹರಳು ಮೆಲ್ಲಗೆ ಕರಗುವುದರಿಂದ ಸಿಹಿ ಕಡಿಮೆ ಅನ್ನಿಸುತ್ತದೆ, ಇನ್ನೊಂದಕ್ಕೆ ಕೈ ಹೋಗುತ್ತದೆ. ಚೀಪುತ್ತಲೇ ಇದ್ದರೆ ಹಲ್ಲಿಗೂ ಕೇಡು. ಆರೋಗ್ಯವಂತರಿಗೂ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂಬ ವಿಶ್ವ ಆರೋಗ್ಯ ಸಂಸ್ಥೆಯ 2015ರ ಲೆಕ್ಕದಲ್ಲಿ ಕಲ್ಲುಸಕ್ಕರೆಗೆ ವಿನಾಯಿತಿ ಇಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬಾಯಿ ಒಣಗುವ ಮಾತು. ರಕ್ತದಲ್ಲಿ ಸಕ್ಕರೆ ಏರಿದಾಗಲೂ ಬಾಯಿ ಒಣಗುತ್ತದೆ. ಒಣಗಿತೆಂದು ಹರಳು, ಹರಳಿನಿಂದ ಮತ್ತೆ ಏರಿಕೆ. "ಬಾಯಿ ಒಣಗಿದರೆ ಮೊದಲು ನೀರು ಕುಡೀರಿ, ಡಾಕ್ಟರಿಗೂ ಇದನ್ನು ಹೇಳಿ" ಎಂದೆ. ಮಾತ್ರೆಯ ಪ್ರಮಾಣ ಬದಲಿಸುವುದು ಅವರ ಕೆಲಸ, ನನ್ನದಲ್ಲ. ಒಂದು ಎಚ್ಚರಿಕೆಯನ್ನೂ ಕೊಟ್ಟೆ: ಬೆವರಿ, ನಡುಕ ಬಂದು ರಕ್ತದ ಸಕ್ಕರೆ 70ಕ್ಕಿಂತ (ಮಿ.ಗ್ರಾಂ/ಡೆಸಿಲೀಟರ್) ಕೆಳಗಿಳಿದರೆ ಹರಳು ಚೀಪುತ್ತ ಕೂರಬಾರದು. ಆಗ ಬೇಕಾದದ್ದು ಮಾಮೂಲಿ ಸಕ್ಕರೆಯೇ, 15 ಗ್ರಾಂ, ನೀರಲ್ಲಿ ಕದಡಿ. ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ.

"ಮೊದಲು ಅವಳಿಗೆ ಹೇಳಿ, ನಾನು ಕದ್ದಿಲ್ಲ ಅಂತ" ಎಂದರು. ಒಳಗೆ ಕರೆದು ಅದನ್ನೇ ಹೇಳಿದೆ. ಡಬ್ಬಿ ಕಸಿದುಕೊಳ್ಳಬೇಡಮ್ಮ, ದಿನಕ್ಕೆ ಎಷ್ಟು ಹರಳು ಅಂತ ಇಬ್ಬರೂ ಸೇರಿ ಬರೆದಿಡಿ ಎಂದೆ.

ಮೂರು ವಾರದ ನಂತರ ಪುಸ್ತಕ ತಂದಿದ್ದರು. ಮೊದಲ ದಿನ ಹನ್ನೊಂದು, ಕೊನೆಯ ದಿನ ಎರಡು. ಅರ್ಧ ಪುಟದಿಂದ ಮುಂದಕ್ಕೆ ಮಗಳ ಕೈಬರಹ.