ಕರೆಂಟ್ ಕೊಟ್ಟರೂ ಗಡ್ಡೆ ಏಕೆ ಕರಗಿಲ್ಲ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 56 ವರ್ಷ. ಗರ್ಭಕಂಠದ ಕ್ಯಾನ್ಸರಿಗೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸುತ್ತಿದ್ದೇವೆ. 25ರಲ್ಲಿ 18 ಮುಗಿದರೂ ಗಡ್ಡೆ ಇನ್ನೂ ಇದೆ ಎಂದು ವೈದ್ಯರು ಹೇಳಿದರು. ಪಕ್ಕದ ಮನೆಯವರ ಕುತ್ತಿಗೆಯಲ್ಲಿದ್ದ ಲಿಂಫೋಮಾ ಗಂಟು ಎಂಟು-ಹತ್ತು ದಿನಗಳಲ್ಲೇ ಕರಗಿತ್ತು. 'ನನಗೆ ಇದು ನಾಟುತ್ತಿಲ್ಲ, ಒಳಗಿನ ಕರೆಂಟ್ ಬೇಡವೇ ಬೇಡ, ಊರಿಗೆ ಹೋಗೋಣ' ಎಂದು ಅತ್ತೆ ಹಟ ಹಿಡಿದಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಗದಗ

ಉತ್ತರ: ದಯವಿಟ್ಟು ಅವರನ್ನು ಈಗ ಊರಿಗೆ ಕರೆದೊಯ್ಯಬೇಡಿ. ಗಡ್ಡೆ ಬೇಗ ಕರಗಲಿಲ್ಲವೆಂದ ಮಾತ್ರಕ್ಕೆ ಚಿಕಿತ್ಸೆ ನಾಟಲಿಲ್ಲವೆಂದು ತಿಳಿಯಬಾರದು.

ವಿಕಿರಣವು ಜೀವಕೋಶದೊಳಗಿನ ಡಿಎನ್‌ಎಯನ್ನು ತುಂಡರಿಸುತ್ತದೆ. ಲಿಂಫೋಮಾ ಎಂಬ ಕ್ಯಾನ್ಸರಿನ ಕೋಶಗಳು ರಕ್ತದ ಬಿಳಿಕಣಗಳ ವಂಶದವು. ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ತಾವಾಗಿಯೇ ಸಾಯತೊಡಗುವುದರಿಂದ ಗಂಟು ಕಣ್ಣೆದುರೇ ಇಳಿಯುತ್ತದೆ, ಅನೇಕರಿಗೆ 20ರಿಂದ 30 ಗ್ರೇ (ವಿಕಿರಣವನ್ನು ಅಳೆಯುವ ಮಾನ) ಪ್ರಮಾಣವೇ ಸಾಕಾಗುತ್ತದೆ. ಗರ್ಭಕಂಠದ ಕ್ಯಾನ್ಸರ್ ಕೋಶಗಳಾದರೋ ಡಿಎನ್‌ಎ ಮುರಿದ ಮೇಲೂ ಬದುಕಿರುವಂತೆಯೇ ಇದ್ದು, ಒಂದು ಎರಡಾಗಲು ಹೊರಟಾಗ, ಕೆಲವು ಸಲ ಎರಡು ಮೂರು ಬಾರಿ ಒಡೆದ ನಂತರ, ಸಾಯುತ್ತವೆ. ಇಂದು ವೈದ್ಯರ ಬೆರಳಿಗೆ ಸಿಗುವ ಗಡ್ಡೆಯಲ್ಲಿ ಎಷ್ಟೋ ಕೋಶಗಳು ಆಗಲೇ ಆ ದಾರಿ ಹಿಡಿದಿರಬಹುದು. ಚಿಕಿತ್ಸೆ ಮುಗಿದ ಮೇಲೂ ಗಡ್ಡೆ ವಾರಗಟ್ಟಲೆ ಕರಗುವುದರಿಂದಲೇ ಫಲಿತಾಂಶದ ಸ್ಕ್ಯಾನನ್ನು ಸಾಮಾನ್ಯವಾಗಿ ಮೂರು ತಿಂಗಳು ಬಿಟ್ಟು ಮಾಡಿಸುತ್ತಾರೆ. ಮೂತ್ರಪಿಂಡದ ಕ್ಯಾನ್ಸರ್, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗಳು ದಿನಕ್ಕಿಷ್ಟೆಂದು ಕೊಡುವ ಸಣ್ಣ ಪ್ರಮಾಣಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ನಿಜ. ಆದರೆ ನಿಮ್ಮ ಅತ್ತೆಯವರ ಕಾಯಿಲೆ ಆ ಗುಂಪಿನದಲ್ಲ.

ಒಳಗಿನ ಕರೆಂಟನ್ನು ಮಾತ್ರ ಬಿಡಲೇಬಾರದು. ಈ ಗಡ್ಡೆಗೆ ಒಟ್ಟು 80 ಗ್ರೇಗೂ ಮೇಲೆ ಬೇಕು. ಹೊರಗಿನಿಂದ 45–50 ಗ್ರೇ ದಾಟಿದರೆ ಕರುಳು, ಮೂತ್ರಕೋಶಗಳು ತಾಳಲಾರವು. ಉಳಿದದ್ದನ್ನು ಗರ್ಭಕಂಠದೊಳಗೆ ಇಟ್ಟ ಕೊಳವೆಯ ಮೂಲಕ, ಅಕ್ಕಿಕಾಳಿಗಿಂತ ಚಿಕ್ಕದಾದ, ವಿಕಿರಣ ಸೂಸುವ ಇರಿಡಿಯಂ ಲೋಹದ ತುಣುಕನ್ನು ಕೆಲವು ನಿಮಿಷ ಕಳುಹಿಸಿ, ಹಿಂದಕ್ಕೆ ಎಳೆದುಕೊಂಡು ಕೊಡುತ್ತಾರೆ. ಆಮೇಲೆ ಅವರ ಮೈಯಲ್ಲಿ ವಿಕಿರಣ ಉಳಿದಿರುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು ಎಂದು ಅವರಿಗೆ ಬಿಡಿಸಿ ಹೇಳಿ, ಏಕೆಂದರೆ ಬೇಡವೆನ್ನುವ ಎಷ್ಟೋ ಹೆಂಗಸರ ಮನಸ್ಸಿನಲ್ಲಿರುವುದು ಈ ಭಯವೇ.

ಒಳಗಿನದೂ ಸೇರಿ ಇಡೀ ಚಿಕಿತ್ಸೆ ಎಂಟು ವಾರಗಳೊಳಗೆ ಮುಗಿಯಬೇಕು. ನಡುವೆ ಬಿಟ್ಟರೆ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಇನ್ನೊಂದು ಮಾತು: ಆಮ್ಲಜನಕ ಸಿಗದ ಕೋಶವನ್ನು ಕೊಲ್ಲಲು ಸುಮಾರು ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ಗಡ್ಡೆಗೆ ಆಮ್ಲಜನಕ ಒಯ್ಯುವುದು ರಕ್ತದ ಹಿಮೋಗ್ಲೋಬಿನ್. ಆದ್ದರಿಂದ ರಕ್ತಸ್ರಾವದಿಂದ ಅವರು ಬಿಳಿಚಿಕೊಂಡಿದ್ದರೆ ನಾಳೆಯೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ರಕ್ತ ಕೊಡಿಸಬೇಕೇ ಎಂದು ವೈದ್ಯರನ್ನು ಕೇಳಿ.